ಅಕ್ಕ ಮುಗಿಸಿದ ಒಂದೇ ಒಂದು ಕುಲಾವಿ

ಹೊಸಪೇಟೆಯ ಬಿಸಿಲಲ್ಲಿ ಉಲನ್ ಹಿಡಿದು ಕೂರಬೇಕಾದರೆ ಮೊದಲು ಕೈಗೆ ಪೌಡರ್ ಹಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಬೆವರಿಗೆ ದಾರ ಕಡ್ಡಿಗೆ ಅಂಟಿಕೊಂಡುಬಿಡುತ್ತದೆ, ಜಪ್ಪಯ್ಯ ಅಂದರೂ ಜಾರುವುದಿಲ್ಲ. ನಿನ್ನೆ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು ಅಂಗೈಗೆ ಪೌಡರ್ ಸುರಿದುಕೊಂಡೆ ನೋಡಿ, ಆ ಘಮಕ್ಕೆ ಯಶವಂತನಗರದ ಪಕ್ಕದ ಮನೆಯ ಅಕ್ಕ ಎದುರಿಗೇ ಬಂದು ಕೂತಂತಾಯಿತು. ಈ ಉಪಾಯ ಹೇಳಿಕೊಟ್ಟವರೇ ಅವರು. "ಈ ಬಿಸಿಲಿಗೆ ಮಫ್ಲರ್ ಹೆಣಿತಾಳ ನೋಡ್ರಿ" ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ತೋರಿಸಿ ನಗುತ್ತಾರೆ. ನಗಲಿ, ನನಗೇನು!

ಮದುವೆಯಾದ ಹೊಸತು. ಯಜಮಾನರಿಗೆ ಸಂಡೂರಿನ ಗಣಿಯಲ್ಲಿ ಕೆಲಸ, ಯಶವಂತನಗರದಲ್ಲಿ ಕಂಪನಿ ಕೊಟ್ಟ ಎರಡು ಕೋಣೆಯ ಮನೆ, ಗೋಡೆಯಾಚೆಗೆ ಅಕ್ಕ ಮತ್ತು ಅವರ ಗಂಡ, ಇಬ್ಬರೇ. ಅವರನ್ನು ನಾನು ಭಾವ ಎನ್ನುತ್ತಿದ್ದೆ. ಅದಿರು ಲಾರಿಗಳ ಕೆಂಪು ಧೂಳು ಹಾಲಿನ ಪಾತ್ರೆಯನ್ನೂ ಬಿಡುತ್ತಿರಲಿಲ್ಲ. ಬಿಳಿ ಉಲನ್ ತಂದರೆ ವಾರದೊಳಗೆ ಕಾವಿ. ಹಾಗಾಗಿ ಅಕ್ಕ ಅಂಗಡಿಯಲ್ಲೇ ಹೆಚ್ಚಾಗಿ ಕೆಂಪು ಆರಿಸುತ್ತಿದ್ದರು. "ಧೂಳಿಗೂ ನಮಗೂ ಜಗಳ ಯಾಕವ್ವ?" ಎನ್ನುವರು.

ಶುರು ಮಾಡುವುದರಲ್ಲಿ ಅಕ್ಕನದು ಎತ್ತಿದ ಕೈ. ಮುಗಿಸುವುದು ಮಾತ್ರ ಅವರ ಜಾತಕದಲ್ಲೇ ಇರಲಿಲ್ಲ. ಟಿ.ವಿ.ಗೆ ಹೊದಿಕೆ ಅರ್ಧಕ್ಕೆ ನಿಂತಿತ್ತು, ಯಾರದೋ ಮಗಳ ಹಳದಿ ಫ್ರಾಕು ಸೊಂಟಕ್ಕೆ ನಿಂತಿತ್ತು, ಮಫ್ಲರೊಂದು ಅಂಗೈ ಉದ್ದ ಬೆಳೆದು ಸುಮ್ಮನಾಗಿತ್ತು. ಕೈಯಲ್ಲಿ ಒಂದು ಹೆಣೆಯುತ್ತಿರುವಾಗಲೇ ಬಾಯಲ್ಲಿ ಮುಂದಿನದು... ಅದರ ಬಣ್ಣ, ಅದರ ಅಂಚು, ಅದರ ಗುಂಡಿ. ನಾನೊಮ್ಮೆ ರೇಗಿಯೇಬಿಟ್ಟೆ, "ಇದೊಂದಾದ್ರೂ ಮುಗಸ್ರಿ ಅಕ್ಕಾ!"

"ಮುಗಿಸಿಬಿಟ್ರ ಮುಗದಂಗಾತಲ್ಲವ್ವ. ಮುಂದಿಂದು ನೆನಸ್ಕೊಂತ ಕುಂದ್ರೋದ್ರಾಗ ಎಷ್ಟು ಸುಖ ಐತಿ!"

ಹೇಳುತ್ತಲೇ ಬುಟ್ಟಿಯಿಂದ ಇನ್ನೊಂದು ಉಂಡೆ ತೆಗೆದರು.

ಅಷ್ಟರಲ್ಲಿ ನಾನು ಬಸುರಿಯಾದೆ. ಬಾಣಂತನಕ್ಕೆಂದು ಅತ್ತೆ ಬಂದು ಕೂತರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ಹಾಸ್ಯಕ್ಕೆ ಆಡುವ ಗಾದೆ ನಮ್ಮತ್ತೆಗೆ ಶಾಸನ. ಕೂಸಿಗೆಂದು ಒಂದು ತುಂಡು ಬಟ್ಟೆ ತೆಗೆದಿಡುವಂತಿರಲಿಲ್ಲ. ಮನೆಯಲ್ಲಿ ತೊಟ್ಟಿಲಿನ ಮಾತೇ ಎತ್ತುವಂತಿರಲಿಲ್ಲ. ಹೀಗಿರುವಾಗ ಅಕ್ಕ ನಮ್ಮ ಪಡಸಾಲೆಗೇ ಬಂದು, ಬಿಳಿ ಉಲನ್ ತೆಗೆದು, ಕಡ್ಡಿಗೆ ಮೊದಲ ಕುಣಿಕೆ ಹಾಕುತ್ತ, "ಕುಲಾವಿ ರೀ" ಎಂದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸಿಡಿಯಲಿಲ್ಲ. ಬುಟ್ಟಿಯಲ್ಲಿದ್ದ ಅರ್ಧಂಬರ್ಧ ಸಾಮಾನುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದರು. ನನ್ನನ್ನು ನಾಕು ಹೆಜ್ಜೆ ಒಳಗೆ ಕರೆದು ಕಿವಿಯಲ್ಲಿ, "ಹೆಣಿಲಿ ಬಿಡು. ಅಕೀ ಕೈಯಾಗ ಅದು ಮುಗಿಯೂದಿಲ್ಲ, ದೋಷನೂ ಇಲ್ಲ" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಕೂಸಿನ ತಲೆ ಎಷ್ಟಿರುತ್ತದೆಂದು ಅಕ್ಕನಿಗೇನು ಗೊತ್ತು? ನೀರು ಕುಡಿಯುವ ತಂಬಿಗೆಯನ್ನು ಬೋರಲು ಹಾಕಿ ಅದರ ಮೇಲೆ ಅಳತೆ ಹಿಡಿದರು. ಧೂಳು ತಾಗದಿರಲೆಂದು ಸ್ಟೀಲ್ ಡಬ್ಬಿಯಲ್ಲಿಟ್ಟರು. ಅತ್ತೆಯ ಲೆಕ್ಕದಂತೆಯೇ ಅದು ಅರ್ಧಕ್ಕೆ ನಿಂತಿತು, ಯಾಕೆಂದರೆ ಅಕ್ಕನಿಗೆ ನಡುವೆ ಮೇಜಿನ ಹಾಸೊಂದರ ಯೋಚನೆ ಬಂದಿತ್ತು.

ಮಗಳು ಮಾತ್ರ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಎಂಟನೇ ತಿಂಗಳಿಗೇ, ಧನುರ್ಮಾಸದ ಚಳಿಯಲ್ಲಿ, ಸಂಡೂರಿನ ಆಸ್ಪತ್ರೆಯಲ್ಲಿ ಬೆಳ್ಳಂಬೆಳಿಗ್ಗೆ ಹುಟ್ಟಿಬಿಟ್ಟಳು. ಕೈಯಲ್ಲಿ ಹಿಡಿದರೆ ಗುಬ್ಬಿಮರಿ. ನರ್ಸಮ್ಮ ಬಂದು ಮುಟ್ಟಿ ನೋಡಿ, "ತಲಿ ತಣ್ಣಗಾಗಾಕತ್ತೈತಿ, ಬೆಚ್ಚಗಿಡ್ರಿ. ಟೊಪಗಿ ಎಲ್ಲೈತಿ?" ಎಂದರು. ಎಲ್ಲಿಂದ ತರುವುದು? ಅಂಗಡಿಗಳು ಬಾಗಿಲು ತೆರೆದಿರಲಿಲ್ಲ. ಅತ್ತೆ ತಮ್ಮ ಸೀರೆಯನ್ನೇ ಹರಿದು ಸುತ್ತಿದರು, ಅದು ಜಾರಿತು. ಮತ್ತೆ ಸುತ್ತಿದರು, ಮತ್ತೆ ಜಾರಿತು. ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಅಷ್ಟು ಗಟ್ಟಿ ಹೆಂಗಸು ನಮ್ಮತ್ತೆ, ಮಗನ ತೋಳು ಹಿಡಿದು ಅತ್ತರು. "ಓಡೋ ತಮ್ಮಾ, ಅಕೀನ್ನ ಕರಕೊಂಡ್ ಬಾ. ಕಡ್ಡಿ ಸಮೇತ!"

ಅಕ್ಕ ಡಬ್ಬಿಯಲ್ಲಿದ್ದ ಅರ್ಧ ಕುಲಾವಿ ತೆಗೆದು, ಕಂಪನಿ ಬಸ್ಸಿನಲ್ಲಿ ಹೆಣೆಯುತ್ತಲೇ ಬಂದರು. ಇಳಿದವರು ಹೆಣೆಯುತ್ತಲೇ ನಡೆದು ಬಂದು ನನ್ನ ಬಾಗಿಲೆದುರಿನ ಬೆಂಚಿಗೆ ಕೂತರು. ಅತ್ತೆ ಉಲನ್ ಉಂಡೆ ಹಿಡಿದು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತರು. ನಾನು ಮಗುವನ್ನು ಎದೆಗವಚಿಕೊಂಡು, ಮಲಗಿದಲ್ಲಿಂದಲೇ ಆ ಎರಡು ಕಡ್ಡಿಗಳನ್ನು ನೋಡುತ್ತಿದ್ದೆ. ದೇವರನ್ನೂ ನಾನು ಹಾಗೆ ನೋಡಿದವಳಲ್ಲ.

"ಅಂಚಿಗೊಂದು ಹೂವು ಹಾಕಿದ್ರ..." ಎಂದರು ಅಕ್ಕ, ಅಭ್ಯಾಸಬಲ!

"ಹೂವೂ ಬ್ಯಾಡ ಹಣ್ಣೂ ಬ್ಯಾಡ!" ಎಂದು ಅತ್ತೆ ಕೂಗಿದರು, "ಮುಗಸು ನನ್ನವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಇದೊಂದು ಮುಗಸು!"

ಮುಗಿಸಿದರು! ದಾರವನ್ನು ಹಲ್ಲಿನಲ್ಲೇ ಕಚ್ಚಿ ಹರಿದು ಮಗಳ ತಲೆಗೆ ಹಾಕಿದರೆ, ತಂಬಿಗೆ ಅಳತೆಯ ಕುಲಾವಿ ಕಣ್ಣು ಮೂಗು ದಾಟಿ ಗದ್ದಕ್ಕೆ ಬಂದು ನಿಂತಿತು. ಅತ್ತೆ ಅದನ್ನು ಮೂರು ಮಡಿಕೆ ಮಡಚಿದರು. ಮಡಚಿದ್ದಕ್ಕೆ ಇನ್ನಷ್ಟು ಬೆಚ್ಚಗಾಯಿತು. ಸ್ವಲ್ಪ ಹೊತ್ತಿಗೆ ಕೆಂಪೇರಿದ ಮೋರೆಯಿಂದ ಮಗಳು ಕಿರುಚಿದಳು ನೋಡಿ... ಮೂವರೂ ಒಟ್ಟಿಗೆ ನಕ್ಕೆವು, ಒಟ್ಟಿಗೆ ಅತ್ತೆವು. ಅಕ್ಕ ಆಗಲೇ ಕಾಲುಚೀಲಕ್ಕೆ ಕುಣಿಕೆ ಹಾಕುತ್ತಿದ್ದರು. ಆ ಕಾಲುಚೀಲ ಇವತ್ತಿಗೂ ಒಂದೇ ಇದೆ.

ಮುಂದೆ ನಾವು ಹೊಸಪೇಟೆಗೆ ಬಂದೆವು, ಅವರು ಕಂಪ್ಲಿಗೆ ಹೋದರು. ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಆ ಸಂಕಟ ಇನ್ನೂ ಇದೆ. ತಿಂಗಳಾದ ಮೇಲೆ ಭಾವ ಒಂದು ದೊಡ್ಡ ಚೀಲ ಹೊತ್ತು ನಮ್ಮ ಬಾಗಿಲಿಗೆ ಬಂದರು. ಒಳಗೆ ಅರ್ಧಕ್ಕೆ ನಿಂತ ಅಕ್ಕನ ಸಂಸಾರವೆಲ್ಲ ಇತ್ತು. ಅಂದಿನಿಂದ ನನಗೆ ಅದೇ ಕೆಲಸ. ಫ್ರಾಕು ಮುಗಿಸಿದೆ. ಅದನ್ನು ತೊಡಬೇಕಾಗಿದ್ದ ಹುಡುಗಿಗೆ ಈಗ ಮಗಳಿದ್ದಾಳೆ, ಅವಳಿಗೆ ಕೊಟ್ಟೆ. ಅಂಥ ಡಬ್ಬಿ ಟಿ.ವಿ. ಈಗ ಎಲ್ಲಿದೆ, ಹೊದಿಕೆಯನ್ನು ಮಿಕ್ಸಿಗೆ ಹಾಕಿದೆ. ಸದ್ಯ ಕೈಯಲ್ಲಿ ಮಫ್ಲರ್. ಆಮೇಲೆ ಮೇಜಿನ ಹಾಸು, ಅದಾದ ಮೇಲೆ ನನ್ನದೇ ಒಂದು ಕಂಬಳಿ, ಏಳು ಬಣ್ಣದ್ದು... ನೋಡಿ, ನನಗೂ ಅಂಟಿಕೊಂಡಿತು ಆ ಚಾಳಿ!

ಹೋದ ಭಾನುವಾರ ಭಾವನನ್ನು ನೋಡಲು ಕಂಪ್ಲಿಗೆ ಹೋಗಿದ್ದೆ. ಈ ಸುಡುಬಿಸಿಲಲ್ಲಿ ಆ ಮನುಷ್ಯ ಬೂದು ಬಣ್ಣದ ಸ್ವೆಟರ್ ತೊಟ್ಟು ಕೂತಿದ್ದರು. ಸ್ವೆಟರಿಗೆ ಎಡತೋಳೇ ಇಲ್ಲ. ಚೀಲಕ್ಕೆ ಹಾಕದೆ ಅದೊಂದನ್ನು ಇಟ್ಟುಕೊಂಡುಬಿಟ್ಟಿದ್ದರು.

"ಕೊಡ್ರಿ ಭಾವ, ಒಂದು ವಾರದಾಗ ಮುಗಿಸಿಕೊಡ್ತೀನಿ."

"ಬ್ಯಾಡವ್ವ," ಎಂದು ನಕ್ಕು ಗುಂಡಿ ಹಾಕಿಕೊಂಡರು.

ನನ್ನನ್ನು ಬಸ್ಸಿಗೆ ಬಿಡಲು ಹಾಗೆಯೇ ಹೊರಟರು. ದಾರಿಯಲ್ಲಿ ಚಹಾದ ಅಂಗಡಿಯವನು ಗಹಗಹಿಸಿ ಕೂಗಿದ, "ಏನ್ ಯಜಮಾನ್ರ, ಇನ್ನೊಂದು ತೋಳು ಎಲ್ಲೈತ್ರಿ?"

"ತಡಿಯೋ ಮಾರಾಯ," ಎಂದರು ಭಾವ, "ಇನ್ನಾ ಹೆಣಿಯಾಕತ್ಯಾಳ."