ಬೆಂಜಮಿನ್ ಸರ್ ಕಪಾಟು ಬಿಟ್ಟುಕೊಟ್ಟದ್ದು

ಕಟಪಾಡಿಯ ಬೆಂಜಮಿನ್ ಮಥಾಯಸ್ ಎಂದರೆ ಯಾರಿಗೂ ಥಟ್ಟನೆ ಹೊಳೆಯುತ್ತಿರಲಿಲ್ಲ. ‘ಕಪಾಟು ಸರ್’ ಎಂದರೆ ಮಾತ್ರ ಕಾಪುವಿನಿಂದ ಕಾರ್ಕಳದವರೆಗೆ ಯಾವ ಶಾಲೆಯ ಲೈಬ್ರರಿಯಲ್ಲಾದರೂ ಕುರ್ಚಿ ಎಳೆದು ಕೊಡುತ್ತಿದ್ದರು, ಚಹಾ ತರಿಸುತ್ತಿದ್ದರು. ಅವರದು ಮಣಿಪಾಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ. ಪಾಠ ಮಾಡುವವರಲ್ಲ, ಆದರೂ ಎಲ್ಲರ ಬಾಯಲ್ಲಿ ಸರ್. ಆ ‘ಸರ್’ ಅವರಿಗೆ ಬೆಲ್ಲದಷ್ಟು ಇಷ್ಟ. ಮನುಷ್ಯನಿಗೆ ಏನಾದರೊಂದು ಚಪಲ ಇರಬೇಕಲ್ಲ, ಅವರಿಗೆ ಕುಡಿತವಿರಲಿಲ್ಲ, ಇಸ್ಪೀಟು ಇರಲಿಲ್ಲ, ಇದಿತ್ತು.

ಶುರುವಾದದ್ದು ತೊಂಬತ್ತೊಂಬತ್ತರಲ್ಲಿ. ಕಾರ್ಕಳ ಕಡೆಯ ಒಂದು ಕಾನ್ವೆಂಟ್ ಶಾಲೆಯ ಲೈಬ್ರರಿ ನೋಡುತ್ತಿದ್ದ ಸಿಸ್ಟರ್ ಬರ್ತಾ ಅವರಿಗೆ ಯಾರೋ ಒಂದು ಹಳೆಯ ಕಂಪ್ಯೂಟರ್ ದಾನ ಕೊಟ್ಟಿದ್ದರು. “ಇದರಲ್ಲಿ ಎಂತದಾದರೂ ಮಾಡಿ ಕೊಡು ಬೆಂಜಮಿನ್, ಸುಮ್ಮನೆ ಕೂತು ಧೂಳು ತಿನ್ನುತ್ತಾ ಉಂಟು” ಎಂದರು. ಬೇಸಿಗೆ ರಜೆಯಲ್ಲಿ ಕುಳಿತು ಬೆಂಜಮಿನ್ ಒಂದು ಪ್ರೋಗ್ರಾಮ್ ಬರೆದರು. ಯಾವ ಪುಸ್ತಕ ಯಾರ ಕೈಯಲ್ಲಿದೆ, ಯಾವಾಗ ಹಿಂದೆ ಬರಬೇಕು ಎಂದು ಹೇಳುವಂಥದ್ದು. ನಮ್ಮ ಕಡೆಯ ಒಂದೇ ಕ್ಲಾಸಿನಲ್ಲಿ ಮೂವರು ಲವೀನಾ ಡಿಸೋಜರಿರುತ್ತಾರೆ. ಆದ್ದರಿಂದ ಮಗುವಿನ ಹೆಸರಿನ ಜೊತೆ ಮನೆಯ ಹೆಸರನ್ನೂ ಅದು ಕೇಳುತ್ತಿತ್ತು. ಅದಕ್ಕೆ ‘ಕಪಾಟು’ ಎಂದು ಹೆಸರಿಟ್ಟರು.

ಕಪಾಟು ಓಪನ್ ಸೋರ್ಸ್. ಪ್ರೋಗ್ರಾಮಿನ ಒಳಗಿನ ಕೋಡ್ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು, ಬೇರೆ ಹೆಸರಿಟ್ಟು ನಡೆಸಲೂ ಬಹುದು. ಷರತ್ತು ಒಂದೇ: ಹಾಗೆ ತಿದ್ದಿದವರೂ ತಮ್ಮ ಕೋಡ್ ಮುಚ್ಚಿಡುವಂತಿಲ್ಲ. ಈ ಲೈಸೆನ್ಸನ್ನು ಬೆಂಜಮಿನ್ ಸಿಕ್ಕಸಿಕ್ಕವರಿಗೆ ಬೋಧಿಸುತ್ತಿದ್ದರು. “ನೆರೆಮನೆಗೆ ನೆಡಲಿಕ್ಕೆ ಮಲ್ಲಿಗೆಯ ಗೆಲ್ಲು ಕಡಿದು ಕೊಟ್ಟ ಮೇಲೆ ಅವರ ಗಿಡದ ಹೂ ಎಣಿಸಲಿಕ್ಕೆ ಹೋಗ್ತೇವಾ?” ಎಂದು ಕೇಳುತ್ತಿದ್ದರು. ಕೇಳಿದವರು ತಲೆಯಾಡಿಸುತ್ತಿದ್ದರು. ಹೇಳಿದವರು ಮಾತ್ರ ಆ ಮಾತನ್ನು ಇನ್ನೊಮ್ಮೆ ಕೂತು ಯೋಚಿಸಲಿಲ್ಲ.

ನಾಲ್ಕೈದು ವರ್ಷಗಳಲ್ಲಿ ಕಪಾಟು ಊರೂರಿಗೆ ಹಬ್ಬಿತು. ಅಷ್ಟರಲ್ಲಿ ಬೆಂಗಳೂರಿನ ಒಂದು ಕಂಪನಿ ಬಣ್ಣಬಣ್ಣದ ಪರದೆಯ ಸಾಫ್ಟ್‌ವೇರ್ ಹಿಡಿದುಕೊಂಡು ಬಂತು. ಟೈ ಕಟ್ಟಿದ ಹುಡುಗರು, ಮುಖ್ಯೋಪಾಧ್ಯಾಯರಿಗೆ ಡೈರಿ, ಪೆನ್ನು. ಕೆಲವು ಶಾಲೆಗಳು ಆ ಕಡೆ ವಾಲಿದವು. ಬೆಂಜಮಿನ್ ಹೆದರಿದ್ದು ನಿಜ. ಆದರೆ ಆ ಸಾಫ್ಟ್‌ವೇರಿಗೆ ಮೂವರು ಲವೀನಾರ ಸಂಗತಿ ಗೊತ್ತಿರಲಿಲ್ಲ, ಸಣ್ಣದೊಂದು ಬದಲಾವಣೆ ಕೇಳಿದರೂ ಕಂಪನಿ ಬಿಲ್ ಕಳಿಸುತ್ತಿತ್ತು. ಕಪಾಟಿನವರು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಸ್ಸು ಹತ್ತಿ ಬಂದು ಸರಿಮಾಡಿ ಹೋಗುತ್ತಿದ್ದರು. ಹೋದ ಶಾಲೆಗಳು ಒಂದೊಂದಾಗಿ ಹಿಂದೆ ಬಂದವು.

ಕಪಾಟಿನವರು ಎಂದರೆ ಆಗ ಒಂದು ಸಣ್ಣ ಬಳಗ. ಇಗರ್ಜಿಯಲ್ಲಿ ಒಂದೊಂದು ವಾರ್ಡಿಗೆ ಮುಖಂಡನಾಗಿ ಒಬ್ಬ ಗುರ್ಕಾರ್ ಇರುವ ಹಾಗೆ ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಬೆಂಜಮಿನ್ ಒಬ್ಬ ಗುರ್ಕಾರ್ ನೇಮಿಸಿದ್ದರು. ಅವರಲ್ಲಿ ಎಲ್ಲರಿಗಿಂತ ಚುರುಕು ರಾಜಶ್ರೀ. ಅವಳ ಅಪ್ಪ ಗುರಲಿಂಗಪ್ಪ ಬಾದಾಮಿ ಕಡೆಯಿಂದ ಮಣಿಪಾಲಕ್ಕೆ ಹಾಸ್ಟೆಲ್ ಕಟ್ಟಲು ಬಂದ ಗಾರೆ ಕೆಲಸದವನು. ಮಗಳು ಡಿಪ್ಲೊಮಾ ಮಾಡಿ ಬೆಳ್ಮಣ್ಣಿನ ಒಂದು ಶಾಲೆಯ ಲೈಬ್ರರಿಗೆ ಸೇರಿದ್ದಳು. ಕಪಾಟಿನಲ್ಲಿ ಒಂದು ತಪ್ಪು ಕಂಡು, ಅದನ್ನು ತಿದ್ದುವ ಕೋಡನ್ನೂ ಬರೆದು ಅವಳು ಮೇಲ್ ಮಾಡಿದ ದಿನ ಬೆಂಜಮಿನ್ ಊಟ ಮರೆತು ಕುಣಿದಿದ್ದರು. “ಹಿಂದೂ ಹುಡುಗಿಯನ್ನು ಗುರ್ಕಾರ್ ಮಾಡಿದ ಮೊದಲ ಮನುಷ್ಯ ನೀವೇ ಇರಬೇಕು” ಎಂದು ಹೆಂಡತಿ ಇಮೆಲ್ಡಾ ನಕ್ಕಿದ್ದರು. ರಾಜಶ್ರೀ ಮನೆಯ ಹುಡುಗಿಯ ಹಾಗಾದಳು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳಿಗೆ ಹಿಟ್ಟು ಕಲಸಲು ಅವಳು ಬರಲೇಬೇಕು.

ಗುರ್ಕಾರರೆಷ್ಟಿದ್ದರೂ ಬೀಗದ ಕೈ ಒಬ್ಬರ ಬಳಿಯೇ ಇತ್ತು. ಯಾರು ಬರೆದ ಕೋಡೂ ಬೆಂಜಮಿನ್ ನೋಡಿ ಒಪ್ಪದೆ ಕಪಾಟಿಗೆ ಸೇರುತ್ತಿರಲಿಲ್ಲ. ಸಾಲು ಸಾಲು ಓದಬೇಕು, ತಮ್ಮ ಕೈಯಿಂದಲೇ ತಿದ್ದಬೇಕು. ರಾಜಶ್ರೀ ಬಾರ್‌ಕೋಡ್ ಓದುವ ವ್ಯವಸ್ಥೆ ಬರೆದು ಕಳಿಸಿದಳು. ಕಪಾಟು ಬ್ರೌಸರಿನಲ್ಲಿ ತೆರೆಯುವಂತೆ ಮಾಡೋಣ ಎಂದು ಕಾರ್ಲ್ಟನ್ ಎಂಬ ಇನ್ನೊಬ್ಬ ಗುರ್ಕಾರ್ ಬರೆದ. ಎಲ್ಲರೂ ಸೇರಿ ಮಾತಾಡುವ ಮೇಲಿಂಗ್ ಲಿಸ್ಟಿನಲ್ಲಿ ಇಬ್ಬರ ಪತ್ರವೂ ಮುಗಿದದ್ದು ಒಂದೇ ರೀತಿ: ‘ಸರ್, ನಿಮಗೆ ಸರಿ ಕಂಡರೆ ಮಾತ್ರ.’ ಬೆಂಜಮಿನ್ ‘ನೋಡುವ’ ಎಂದು ಬರೆದರು. ನಮ್ಮಲ್ಲಿ ‘ನೋಡುವ’ ಎಂದರೆ ಏನೆಂದು ಸಾಲ ಕೇಳಲು ಹೋದವರಿಗೆಲ್ಲ ಗೊತ್ತು. ಆಮೇಲೆ ಲಿಸ್ಟಿನಲ್ಲಿ ಆ ಮಾತು ಏಳಲಿಲ್ಲ. ಹೊರದೇಶದ ಓಪನ್ ಸೋರ್ಸಿನವರು ಲಿಸ್ಟಿನಲ್ಲಿ ಹಗಲಿರುಳು ಕಚ್ಚಾಡುತ್ತಾರೆಂದು ಬೆಂಜಮಿನ್ ಓದಿದ್ದರು. ನಮ್ಮ ಕಪಾಟಿನಲ್ಲಿ ಜಗಳವೇ ಇಲ್ಲ, ಇದೊಂದು ಕುಟುಂಬ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಎರಡು ಸಾವಿರದ ಏಳರ ಜುಲೈಯಲ್ಲಿ ಅವರು ಎಂದಿನಂತೆ ಸಿಸ್ಟರ್ ಬರ್ತಾ ಅವರ ಲೈಬ್ರರಿಗೆ ಹೋದರು. ಮಕ್ಕಳ ಸಾಲು ಸರಸರ ಸಾಗುತ್ತಿತ್ತು. ಪುಸ್ತಕದ ಬೆನ್ನಿಗೆ ಕೆಂಪು ಬೆಳಕು ತೋರಿಸಿದರೆ ‘ಟಿಕ್’ ಎನ್ನುತ್ತಿತ್ತು. ಪರದೆಯ ಮೇಲೆ ‘ಓದುಮನೆ’ ಎಂಬ ಹೆಸರಿತ್ತು. ಕೆಳಗೆ ರಾಜಶ್ರೀ, ಕಾರ್ಲ್ಟನ್, ಒಬ್ಬರೂ ಬಿಡದೆ ಎಲ್ಲ ಗುರ್ಕಾರರ ಹೆಸರು. ಕಟ್ಟಕಡೆಗೆ: ‘ಮೂಲ – ಬೆಂಜಮಿನ್ ಸರ್ ಅವರ ಕಪಾಟು.’

ತಮ್ಮ ಬಳಗದವರೆಲ್ಲ ಸೇರಿ ಕಪಾಟನ್ನೇ ತಿದ್ದಿ, ಬೇರೆ ಹೆಸರಿಟ್ಟು ನಡೆಸುತ್ತಿದ್ದಾರೆಂದು ಬೆಂಜಮಿನ್‌ಗೆ ತಿಳಿಯಿತು.

“ಇದು ಯಾವಾಗ ಬಂತು, ಸಿಸ್ಟರ್?”

“ಶಾಲೆ ಶುರುವಾದಾಗ. ನಿನಗೆ ಗೊತ್ತುಂಟು ಅಂತ ತಿಳಿದಿದ್ದೆ. ನಿಮ್ಮ ಕಟಪಾಡಿಯ ಹೋಟೆಲಿನಲ್ಲೇ ಮೀಟಿಂಗ್ ಆಯ್ತಂತಲ್ಲ?” ಸಿಸ್ಟರ್ ಬರ್ತಾ ತಡೆದು, ಕನ್ನಡಕ ತೆಗೆದರು. “ಇಲ್ಲ, ಸುಳ್ಳು ಹೇಳುವುದಿಲ್ಲ ಬೆಂಜಮಿನ್. ನಿನಗೆ ಗೊತ್ತಿರಲಿಕ್ಕಿಲ್ಲ ಅಂತ ಅನಿಸಿತ್ತು. ಕೇಳಿದರೆ ನೀನು ಬೇಡ ಅಂತಿದ್ದಿ. ನಿನ್ನ ಮಾತು ಮೀರಲಿಕ್ಕೆ ನನಗೆ ಆಗ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ.”

ಬಸ್ಸಿನಲ್ಲಿ ಹಿಂದೆ ಬರುವಾಗ ಬೆಂಜಮಿನ್‌ಗೆ ಹೋಟೆಲಿನ ಮಾತೇ ಚುಚ್ಚುತ್ತಿತ್ತು. ತಮ್ಮ ಮನೆಯ ಅಂಗಳದಲ್ಲಿ ನಿಂತರೆ ಆ ಹೋಟೆಲಿನ ಬೋರ್ಡು ಕಾಣುತ್ತದೆ. ಅಲ್ಲಿ ಕೂತು ಗೋಳಿಬಜೆ ತಿಂದು, ತಮ್ಮನ್ನು ಬಿಟ್ಟು ಹೋಗುವುದು ಹೇಗೆಂದು ಇವರು ಮಾತಾಡಿದ್ದಾರೆ. ತಿಂದದ್ದು ಅರಗಿತಲ್ಲ ಇವರಿಗೆ! ಉಂಡ ಮನೆಗೆ ಎರಡು ಬಗೆದವರು ಎಂದು ಬಾಯಿಬಿಟ್ಟೇ ಬೈದರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ವಾರ ಕಳೆಯುವುದರೊಳಗೆ ಬೆಂಗಳೂರಿನ ಆ ಕಂಪನಿಯವನ ಫೋನ್ ಬಂತು. ಕೆಟ್ಟ ಸುದ್ದಿಗೆ ರೆಕ್ಕೆ ಬೇಗ ಹುಟ್ಟುತ್ತದೆ. “ಸರ್, ನಿಮಗೆ ದ್ರೋಹ ಆಗಿದೆ. ಕಪಾಟನ್ನು ನಮಗೆ ಕೊಡಿ. ಕೋಡ್ ಮುಚ್ಚಿಬಿಡೋಣ. ನಿಮ್ಮ ಹೆಸರು ಮೇಲೆಯೇ ಇರುತ್ತೆ.” ದ್ರೋಹ ಎಂಬ ಮಾತು ಬೇರೆಯವರ ಬಾಯಿಂದ ಬಂದದ್ದು ಬೆಂಜಮಿನ್‌ಗೆ ಹಿತವಾಯಿತು. ಆದರೆ ತೆರೆದು ಬರೆದ ಕೋಡನ್ನು ಮುಚ್ಚಬೇಕಾದರೆ ಅದು ಪೂರ್ತಿ ತಮ್ಮದೇ ಆಗಿರಬೇಕು. ಭಾನುವಾರ ಕಂಪ್ಯೂಟರ್ ಮುಂದೆ ಕುಳಿತು ಬೇರೆಯವರು ಬರೆದ ಸಾಲುಗಳನ್ನು ಒಂದೊಂದಾಗಿ ಅಳಿಸತೊಡಗಿದರು. ರಾಜಶ್ರೀಯದು ಹೋಯಿತು, ಕಾರ್ಲ್ಟನ್‌ದು ಹೋಯಿತು. ಸಂಜೆಯ ಹೊತ್ತಿಗೆ ಉಳಿದದ್ದು ಸಿಸ್ಟರ್ ಬರ್ತಾ ಅವರ ಹಳೆಯ ಕಂಪ್ಯೂಟರಿಗೆಂದು ಬರೆದ ಆ ಬೇಸಿಗೆ ರಜೆಯ ಕೋಡ್ ಮಾತ್ರ. ಅದು ಹೊಸ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಬೆಂಜಮಿನ್ ಕಂಪನಿಯವನ ಫೋನ್ ಎತ್ತುವುದನ್ನು ಬಿಟ್ಟರು.

ಮರುದಿನ ರಜೆ ಹಾಕಿ ಬೆಳ್ಮಣ್ಣಿಗೆ ಹೋದರು. ರಾಜಶ್ರೀ ಅವರನ್ನು ಕಂಡದ್ದೇ ಎದ್ದು ನಿಂತು ಕುರ್ಚಿ ಎಳೆದಳು. ಅವರು ಕೂರಲಿಲ್ಲ.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಮಾರಾಯ್ತಿ?”

“ಹೇಳಿದ್ದೆ ಸರ್. ಲಿಸ್ಟಿಗೆ ಬರೆದಿದ್ದೆ.”

“‘ನಿಮಗೆ ಸರಿ ಕಂಡರೆ’ ಅಂತ ಬರೆದಿದ್ದಿ. ‘ನೀವು ಮಾಡ್ತಾ ಇರುವುದು ತಪ್ಪು’ ಅಂತ ಬರೆದಿದ್ದಿಯಾ?”

ರಾಜಶ್ರೀ ಬೆಳೆದದ್ದು ಮಣಿಪಾಲದಲ್ಲಿ, ಮಾತೆಲ್ಲ ಇಲ್ಲಿಯದೇ. ಮನಸ್ಸು ಕದಡಿದಾಗ ಮಾತ್ರ ಅಪ್ಪನ ಭಾಷೆ ಬರುತ್ತಿತ್ತು. “ನಿಮಗ ಹೆಂಗ ಬರೀಲಿ ಸರ? ನಮ್ಮಪ್ಪ ನಿಮ್ಮ ಮುಂದ ಕುರ್ಚಿ ಮ್ಯಾಲೆ ಸೈತ ಕೂಡಂಗಿಲ್ಲ. ಅಂಥಾದ್ರಾಗ ಎಲ್ಲಾರ ಮುಂದ ನಾ ನಿಮಗ ನೀವು ತಪ್ಪು ಅಂತ ಅನ್ಲೇನು? ಸಾಲಿಯವರು ದಿನಾ ಕೇಳತಿದ್ರು, ಬಾರ್‌ಕೋಡ್ ಯಾವಾಗ ಅಂತ. ಇನ್ನೊಂದು ವರ್ಷ ಕಾದಿದ್ರ ಎಲ್ಲಾರೂ ಆ ಕಂಪನಿ ಕಡೆ ಹೊಕ್ಕಿದ್ರು. ಲೈಸೆನ್ಸ್ ನೀವ ಕೊಟ್ಟಿದ್ರಿ.”

“ಲೈಸೆನ್ಸ್ ಕೊಟ್ಟಿದ್ದೆ. ಕೋಡ್ ತೆಗೊಂಡದ್ದಕ್ಕೆ ನಾನು ಎಂತದೂ ಹೇಳುವುದಿಲ್ಲ,” ಎಂದರು ಬೆಂಜಮಿನ್. “ಬಾಯಿ ಬಿಟ್ಟು ಹೇಳಲಿಕ್ಕೆ ಮರ್ಯಾದೆ ಅಡ್ಡ ಬಂತು. ಬೆನ್ನ ಹಿಂದೆ ಮಾಡಲಿಕ್ಕೆ ಅದು ಅಡ್ಡ ಬರಲಿಲ್ಲ, ಅಲ್ವಾ?”

ಅವಳು ಅತ್ತಳು. ಅವರು ಸಮಾಧಾನ ಹೇಳಲಿಲ್ಲ, ಬಸ್ಸು ಹಿಡಿದು ಬಂದರು.

ಆದರೆ ಅವಳ ಒಂದು ಮಾತು ಅವರೊಂದಿಗೇ ಬಸ್ಸು ಹತ್ತಿತ್ತು. ಶಾಲೆಗಳು ಕಂಪನಿಯ ಕಡೆ ಹೊರಡಲು ಸಿದ್ಧವಾಗಿದ್ದವು ಎಂಬುದು ಸುಳ್ಳಲ್ಲ. ಈಗ ಕಪಾಟು ಒಂದು, ಓದುಮನೆ ಒಂದು. ಆ ಕಡೆ ಎಲ್ಲರೂ, ಈ ಕಡೆ ತಾವೊಬ್ಬರೇ. ಇಬ್ಬರ ಜಗಳದಲ್ಲಿ ಲಾಭ ಯಾರಿಗೆಂದು ಬೇರೆ ಹೇಳಬೇಕೆ? ತಮ್ಮ ಕಪಾಟು ಬದುಕಬೇಕಾದರೆ ಅದರೊಳಗೆ ಅವಳ ಕೋಡ್ ಬರಬೇಕು, ತಮ್ಮ ಬೀಗ ಹೋಗಬೇಕು. ದಿನಗಟ್ಟಲೆ ಹಲ್ಲು ಕಚ್ಚಿ ಕೂತು, ಕೊನೆಗೆ ಲಿಸ್ಟಿಗೆ ಬರೆದರು. ‘ಓದುಮನೆಯೇ ಇನ್ನು ಮುಂದೆ ಕಪಾಟು. ಕೋಡ್ ಸೇರಿಸುವ ಅಧಿಕಾರ ರಾಜಶ್ರೀ ಮತ್ತು ಕಾರ್ಲ್ಟನ್ ಅವರದು. ಈ ಲಿಸ್ಟಿನಲ್ಲಿ ಯಾರೂ ಯಾರಿಗೂ ಸರ್ ಅಲ್ಲ. ತಪ್ಪು ಕಂಡರೆ ತಪ್ಪು ಎಂದು ಎಲ್ಲರೆದುರೇ ಬರೆಯಬೇಕು.’

ಕಪಾಟು ಉಳಿಯಿತು. ಬರೀ ಉಳಿಯಲಿಲ್ಲ, ಬೆಳೆಯಿತು. ಕುಂದಾಪುರದಾಚೆಯ ಶಾಲೆಗಳೂ ಸೇರಿದವು. ಲಿಸ್ಟಿನಲ್ಲಿ ವಾದ ಶುರುವಾಯಿತು, ಕಾರ್ಲ್ಟನ್ ಎರಡು ಸಲ ಮುನಿಸಿಕೊಂಡು ಎರಡು ಸಲ ಹಿಂದೆ ಬಂದ. ಕಂಪನಿಯ ಟೈ ಹುಡುಗರು ಈ ಕಡೆ ಬರುವುದನ್ನು ನಿಲ್ಲಿಸಿದರು.

ಒಂದೂವರೆ ವರ್ಷ ಸುಮ್ಮನಿದ್ದ ಬೆಂಜಮಿನ್, ಕೈ ತಡೆಯದೆ, ಮಕ್ಕಳ ದಾಖಲೆ ಹುಡುಕುವ ಭಾಗವನ್ನು ಹೊಸದಾಗಿ ಬರೆದು ಕಳಿಸಿದರು. ಎರಡೇ ದಿನದಲ್ಲಿ ಎಲ್ಲರೆದುರು ಉತ್ತರ ಬಂತು. ‘ಬೆಂಜಮಿನ್, ಇದು ಸರಿಯಿಲ್ಲ. ಶಾಲೆ ಬಿಟ್ಟುಹೋದ ಮಕ್ಕಳ ದಾಖಲೆ ಇದರಲ್ಲಿ ಅಳಿಸಿಹೋಗುತ್ತದೆ. ಹೀಗಿದ್ದರೆ ಸೇರಿಸಲಾಗುವುದಿಲ್ಲ. – ರಾಜಶ್ರೀ.’

ಅವರು ಹೆಂಡತಿಯನ್ನು ಕರೆದರು. ಇಮೆಲ್ಡಾ ಬಂದು ಓದಿದರು.

“ಹೀಗೇ ಬರೆಯಬೇಕು ಅಂತ ನೀವೇ ಹೇಳಿದ್ದಲ್ವಾ?”

“ಅವಳು ಬರೆದದ್ದು ಸರಿಯುಂಟು. ನನ್ನದೇ ತಪ್ಪು,” ಎಂದರು ಬೆಂಜಮಿನ್. “ಆದರೆ ನೋಡು ಇಮೆಲ್ಡಾ, ಎರಡೇ ಎರಡು ಸಾಲು. ಇಷ್ಟೇ ಸಾಕಿತ್ತಲ್ಲ. ಆವತ್ತು ಇಷ್ಟು ಬರೆದಿದ್ದರೆ ನಾನೇನು ಅವಳನ್ನು ತಿಂದುಬಿಡ್ತಿದ್ದೆನಾ?”

ತಿನ್ನುತ್ತಿದ್ದರೋ ಏನೋ. ಬೆಂಜಮಿನ್ ತಿದ್ದಿ ಕಳಿಸಿದರು, ರಾಜಶ್ರೀ ಸೇರಿಸಿಕೊಂಡಳು.

ಆ ಡಿಸೆಂಬರಿನಲ್ಲಿ ಇಮೆಲ್ಡಾ ಕುಸ್ವಾರ್ ಕಟ್ಟಿ, ರಾಜಶ್ರೀಯ ಪಾಲಿನ ಪೊಟ್ಟಣವನ್ನು ಗಂಡನ ಕೈಗಿಟ್ಟರು. “ನೀವೇ ಕೊಟ್ಟು ಬನ್ನಿ. ಆದದ್ದು ಆಯ್ತು.”

ಬೆಂಜಮಿನ್ ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. “ನೀನೇ ಕೊಡು. ಅವಳ ಕೋಡ್ ಇಲ್ಲದಿದ್ದರೆ ಕಪಾಟು ಇಲ್ಲ, ಅದು ನನಗೆ ಗೊತ್ತುಂಟು. ಅವಳ ಮುಖ ನೋಡಲಿಕ್ಕೆ ಮಾತ್ರ ನನಗೆ ಇನ್ನೂ ಆಗುವುದಿಲ್ಲ.”