ಕಾಯಿ ಒಡೆದ ಮೂರನೇ ಲಿವರ್

ಹೋದ ವಾರ ತೇರದಾಳದಲ್ಲಿ ಶಿವಪ್ಪ ಮಾಮಾನವರ ಸಣ್ಣ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ವಾಲ್ವ್ ಕೂರಿಸಲು ಕೂತೆ. ನೋಡಿದರೆ ಯಾವ ಪೈಪು ಎಲ್ಲಿಗೆ ಅಂತ ತೋರಿಸುವ ವಾಲ್ವ್ ಮೇಲಿನ ಅಕ್ಷರಗಳೇ ಮಾಯ!

ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಪೇಂಟನ್ನು ಮಾಮಾ ಅದಕ್ಕೆ ಹೊಡೆದುಬಿಟ್ಟಿದ್ದರು. ಒಂದಲ್ಲ, ಎರಡು ಕೋಟ್.

"ಹಳೇ ಸಾಮಾನ, ಜಂಗ ಹಿಡದಿತ್ತಲೇ ಮಲ್ಯಾ. ಪೂಜಾಕ ಕುಂದ್ರಿಸೂದು, ಛಲೋ ಕಾಣಬೇಕಿಲ್ಲೋ?"

ವಿಷಯ ಇಷ್ಟೇ. ಮಾಮಾನವರ ಟ್ರ್ಯಾಕ್ಟರಿನ ಮುಂದೆ ಲೋಡರ್ ಇದೆ. ಅದಕ್ಕೆ ಇದ್ದದ್ದು ಎರಡೇ ಲಿವರ್: ಒಂದು ಎತ್ತಿ ಇಳಿಸಲು, ಇನ್ನೊಂದು ಬಕೆಟ್ ಮಗುಚಲು. ಈಗ ಕಬ್ಬು ಕಡಿದ ಮೇಲೆ ಉಳಿಯುವ ರವದಿಯನ್ನು ಬಾಚಿ ಹಿಡಿಯಲು ಪಂಜಾ ಹಾಕಿಸಿದ್ದಾರೆ. ಪಂಜಾ ಬಾಯಿ ತೆಗೆದು ಮುಚ್ಚಬೇಕೆಂದರೆ ಇನ್ನೊಂದು ವಾಲ್ವ್ ಬೇಕು, ಮೂರನೇ ಲಿವರ್ ಬೇಕು.

ಅದನ್ನು ಜೋಡಿಸುವ ಇಂಜಿನಿಯರ್ ಯಾರು? ನಾನೇ.

ಪುಣೆಯಲ್ಲಿ ಹೈಡ್ರಾಲಿಕ್ ಕೆಲಸ ಅಂದರೆ ನಂದೇ ಅಂತ ಫೋನಿನಲ್ಲಿ ಎಲ್ಲರಿಗೂ ಬುರುಡೆ ಬಿಟ್ಟಿದ್ದೆ. ಖರೆ ಹೇಳಬೇಕೆಂದರೆ, ನಾನು ಅಲ್ಲಿ ಪೈಪಿನ ತುದಿಗೆ ಫಿಟಿಂಗ್ ಒತ್ತುವವನು. ದಿನಕ್ಕೆ ನೂರಾರು ಪೈಪು. ಆ ಪೈಪು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವೂ ಕೇಳಿದವನಲ್ಲ...

ಮಾಮಾ ಒಂದು ಮಾತು ಕೊಟ್ಟಿದ್ದರು. ಇದು ಸರಿಯಾಗಿ ನಡೆದರೆ ರಸ್ತೆಬದಿಯ ಅವರ ಖಾಲಿ ಶೆಡ್ ನನಗೆ. ಅಲ್ಲಿ ನನ್ನದೇ ವರ್ಕ್‌ಶಾಪ್. ನಡೆಯದಿದ್ದರೆ ಸೋಮವಾರ ಪುಣೆ ಬಸ್.

ನಾಲ್ಕು ವರ್ಷದಲ್ಲಿ ಮೂರು ಊರು, ಆರು ರೂಮು ಬದಲಿಸಿದ್ದೇನೆ. ಆ ಬಸ್ಸಿನ ಸೀಟು ನೆನೆಸಿಕೊಂಡರೂ ಬೆನ್ನು ನೋಯುತ್ತದೆ.

ವಾಲ್ವಿಗೆ ನಾಲ್ಕು ತೂತು. ಎಣ್ಣೆ ಒಳಗೆ ಬರುವುದೊಂದು, ವಾಪಸ್ ಹೋಗುವುದೊಂದು. ಉಳಿದ ಎರಡು ಪಂಜಾಕ್ಕೆ: ಒಂದು ತೆರೆಯಲು, ಒಂದು ಮುಚ್ಚಲು. ಮೊಳೆಯಿಂದ ಪೇಂಟ್ ಕೆರೆದು ಮೊದಲಿನ ಎರಡನ್ನು ಪತ್ತೆ ಮಾಡಿದೆ. ಮೂರನೆಯದಕ್ಕೆ ಮೊಳೆ ಇಟ್ಟೆ ನೋಡಿ, ಮಾಮಾ ಓಡಿ ಬಂದರು.

"ಏ ಏ ಏ! ಪೂಜಾ ಆಗೂಕಿಂತ ಮದಲ ಬಣ್ಣಾ ಕೆರೀತಾರೇನೋ?"

"ಹಂಗಾರ ಯಾವ ಪೈಪ ಎಲ್ಲಿ ಅಂತ ಹೆಂಗ ತಿಳೀಬೇಕ್ರಿ ಮಾಮಾ?"

"ತೆರಿಯೂದು ಬಲಕ್ಕ ಹಾಕು. ಛಲೋದೆಲ್ಲಾ ಬಲಕ್ಕ."

ಹಾಕಿದೆ! ಏನು ಮಾಡಲಿ, ಅದಕ್ಕಿಂತ ದೊಡ್ಡ ಜ್ಞಾನ ನನ್ನ ಹತ್ತಿರವೂ ಇರಲಿಲ್ಲ.

ಒಮ್ಮೆ ಇಂಜಿನ್ ಚಾಲೂ ಮಾಡಿ ನೋಡಿಬಿಡೋಣ ಅಂದರೆ ಅದಕ್ಕೂ ಇಲ್ಲ. ಹೊಸದು ಕೂರಿಸಿದ ಮೇಲೆ ಪೂಜೆ ಆಗದೆ ಮಷೀನು ಉಸಿರು ಬಿಡುವಂತಿಲ್ಲ. ಮೊದಲ ಸಲ ಲಿವರ್ ಎಳೆಯುವವರು ಮನೆಯ ಹಿರಿಯರೇ ಆಗಬೇಕು. ಅಂದರೆ ಮಾಮಾನವರ ತಾಯಿ, ನಮ್ಮ ಆಯಿ.

ಟ್ರ್ಯಾಕ್ಟರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಪಂಜಾದ ಅರೆತೆರೆದ ಬಾಯಲ್ಲಿ ಎಲೆ ಹಾಸಿ ಕಾಯಿ ಇಟ್ಟಿದ್ದಾರೆ. ಆಯಿ ಲಿವರ್ ಎಳೆದರೆ ಪಂಜಾ ಅಗಲಕ್ಕೆ ಬಾಯಿ ತೆರೆಯಬೇಕು, ಆಮೇಲೆ ಮಾಮಾ ಕಾಯಿ ತೆಗೆದು ಕಲ್ಲಿಗೆ ಒಡೆಯಬೇಕು. ಇದು ಪ್ಲಾನ್.

ಪಕ್ಕದ ಹೊಲದ ಪಾರಿಸ ಕಾಕಾ ಕೈಕಟ್ಟಿ ನಿಂತು ಹಲ್ಲು ಕಿಸಿಯುತ್ತಿದ್ದರು. "ಪುಣೇ ಇಂಜಿನೇರ, ಎಲ್ಲಾರೂ ಎಷ್ಟ ದೂರ ನಿಂದ್ರೂಣಪಾ? ಜಮಖಂಡಿ ಮಟಾ ಹೋಗೂಣೇನು?"

ಎಲ್ಲರನ್ನೂ ಹಿಂದೆ ಸರಿಸಿ ಇಂಜಿನ್ ಚಾಲೂ ಮಾಡಿದೆ. ಆಯಿ ಮೂರು ಸಲ ಲಿವರಿಗೆ ಕೈ ಮುಗಿದು, ಹಿಂದಕ್ಕೆ ಎಳೆದಳು.

ಪಂಜಾ ತೆರೆಯಲಿಲ್ಲ.

ಮುಚ್ಚಿತು. ನಿಧಾನಕ್ಕೆ, ವೀಳ್ಯದೆಲೆ ಬಾಯಿಗಿಟ್ಟುಕೊಂಡ ಹಾಗೆ... ಫಟ್!

ನಾನು ಕಣ್ಣು ಮುಚ್ಚಿದೆ. ಸೋಮವಾರದ ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು.

ಕಣ್ಣು ಬಿಟ್ಟರೆ ಎಲೆಯ ಮೇಲೆ ಕಾಯಿ ಎರಡು ಹೋಳು. ತಕ್ಕಡಿಯಲ್ಲಿ ತೂಗಿದ ಹಾಗೆ, ಸಮ ಎರಡು!

"ಯವ್ವಾ ಯವ್ವಾ, ತಾನ ಕಾಯಿ ಒಡಕೊಂತಲ್ಲೋ!" ಅಂತ ಆಯಿ ಟ್ರ್ಯಾಕ್ಟರಿಗೇ ದೃಷ್ಟಿ ತೆಗೆದಳು. ಜನ ಚಪ್ಪಾಳೆ ಹೊಡೆದರು. ಪಾರಿಸ ಕಾಕಾನವರ ಕಟ್ಟಿದ ಕೈಗಳು ತಾವಾಗಿಯೇ ಬಿಚ್ಚಿಕೊಂಡವು.

ಮನಸ್ಸು ತಡೆಯಲಿಲ್ಲ. ಮಾಮಾನವರ ಕಿವಿಯಲ್ಲಿ ಖರೆ ಹೇಳಿಬಿಟ್ಟೆ. "ಮಾಮಾ, ಪೈಪ ಅದಲಬದಲ ಆಗ್ಯಾವ್ರಿ. ಹತ್ತ ಮಿನಿಟ ಕೊಡ್ರಿ, ತಿರುವಿ ಹಾಕತೇನಿ."

ಮಾಮಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದೇವರು ಕೂಡಿಸಿದ್ದನ್ನ ಬಿಚ್ಚಾಕ ನೀ ಯಾಂವಲೇ?"

ಮುಗಿಯಿತು. ಲಿವರಿನ ಪಕ್ಕ ಬಿಳಿ ಪೇಂಟಿನಲ್ಲಿ ಎರಡು ದೊಡ್ಡ ಬಾಣ ಬರೆದೆ: ಮುಂದಕ್ಕ ತೆರಿ, ಹಿಂದಕ್ಕ ಮುಚ್ಚು. ಸಂಜೆಗೆ ಶೆಡ್ಡಿನ ಕೀಲಿ ಕೈಗೆ ಬಂತು. ಜೊತೆಗೆ ಒಂದು ಶರತ್ತು. ಮೊದಲನೇ ಗಿರಾಕಿ ಬೈದುಕೊಂಡು ಹೋದರೆ ಕೀಲಿ ವಾಪಸ್.

ಮೊದಲನೇ ಗಿರಾಕಿ ಯಾರು ಅಂತೀರಿ? ಪಾರಿಸ ಕಾಕಾ! ತಮ್ಮ ಟ್ರ್ಯಾಕ್ಟರಿಗೂ ಅಂಥದೇ ಪಂಜಾ ಬೇಕಂತೆ.

ಈ ಸಲ ನಾನು ಕಲಿತಿದ್ದೆ. ಗೊತ್ತಿದ್ದವರನ್ನು ಕೇಳಿ, ಅಕ್ಷರ ನೋಡಿ, ಎರಡೆರಡು ಸಲ ಟೆಸ್ಟ್ ಮಾಡಿ, ತೆರೆಯುವುದು ತೆರೆಯುವ ಕಡೆಗೆ, ಮುಚ್ಚುವುದು ಮುಚ್ಚುವ ಕಡೆಗೆ ಜೋಡಿಸಿದೆ. ಜೀವನದಲ್ಲಿ ಮೊದಲ ಬಾರಿ ಇಂಜಿನಿಯರ್ ಅನ್ನಿಸಿತು.

ಕಾಕಾ ಎಳೆದು ನೋಡಿದರು. ಮುಖ ಸಪ್ಪಗಾಯಿತು.

"ಇದ್ಯಾಕೋ ತೆರಿಯಾಕತ್ತೈತಿ? ಶಿವಪ್ಪಂದು ಹೆಂಗೈತಿ ಹಂಗ ಮಾಡಿಕೊಡು."

ಬಿಚ್ಚಿ, ಉಲ್ಟಾ ಹಾಕಿಕೊಟ್ಟೆ. ಕಾಕಾ ಚೀಲದಿಂದ ಕಾಯಿ ತೆಗೆದು ಇಟ್ಟರು, ಲಿವರ್ ಎಳೆದರು... ಕಾಯಿ ಹದಿನಾಲ್ಕು ಚೂರು. ಕಾಯಿನೀರೆಲ್ಲ ಅವರ ಬಿಳಿ ಅಂಗಿ ಮೇಲೆ.

"ನಿನ್ನ ಕೆಲಸ ಸರಿ ಇಲ್ಲೋ ತಮ್ಮಾ. ನಾಳಿ ಇನ್ನೊಂದ ಕಾಯಿ ತರತೇನಿ, ಅಷ್ಟರಾಗ ಸೆಟ್ಟಿಂಗ್ ಮಾಡಿಡು" ಅಂತ ಟ್ರ್ಯಾಕ್ಟರ್ ನನ್ನ ಶೆಡ್ಡಿನಲ್ಲೇ ಬಿಟ್ಟು ಹೋಗಿದ್ದಾರೆ.

ಇದನ್ನು ಓದುತ್ತಿರುವ ಈ ಗುಂಪಿನಲ್ಲಿ ಖರೆ ಇಂಜಿನಿಯರುಗಳು ಇದ್ದೀರಲ್ಲ... ಕಾಯಿ ಸಮ ಎರಡು ಹೋಳಾಗಬೇಕೆಂದರೆ ಪ್ರೆಶರ್ ಎಷ್ಟಿಡಬೇಕು, ಬೆಳಗಾಗುವುದರೊಳಗೆ ಯಾರಾದರೂ ಹೇಳ್ತೀರಾ?