ಹೆಬ್ಬೆರಳಿದ್ದ ಕೊನೆಯ ಭಾನುವಾರ

ಸೋಮವಾರ ಬೆಳಿಗ್ಗೆ ತೆಗೆದುಬಿಡೋಣ ಎಂದು ಡಾಕ್ಟರು ಹೇಳಿದ್ದು ಶುಕ್ರವಾರ ಮಧ್ಯಾಹ್ನ. ನನ್ನ ಗಂಡನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಎದ್ದಿದ್ದ ಗಂಟು ಒಳ್ಳೆಯದಲ್ಲವಂತೆ, ಬೆರಳು ಉಳಿಸಲು ಹೋದರೆ ಕೈಯೇ ಹೋಗುತ್ತದಂತೆ. ಇವರು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಎಡಗೈಯಲ್ಲಿ ಬರೆಯುವುದನ್ನು ಕಲಿತರಾಯಿತು ಬಿಡಿ ಎಂದು ಡಾಕ್ಟರು ಸಮಾಧಾನ ಹೇಳಿದರು. ಪುಣ್ಯಾತ್ಮನಿಗೆ ಗಿಟಾರಿನ ಸುದ್ದಿ ಗೊತ್ತಿರಲಿಲ್ಲ.

ಅದು ತೊಡೆಯ ಮೇಲೆ ಅಡ್ಡ ಮಲಗಿಸಿಕೊಳ್ಳುವ ಹವಾಯಿಯನ್ ಗಿಟಾರು. ಎಡಗೈ ಉಕ್ಕಿನ ಕಡ್ಡಿಯನ್ನು ತಂತಿಗಳ ಮೇಲೆ ಜಾರಿಸುತ್ತದೆ, ಬಲಗೈ ಹೆಬ್ಬೆರಳು ಮೀಟುತ್ತದೆ. ಹದಿನೆಂಟು ವರ್ಷದಿಂದ, ಸಿರುಗುಪ್ಪದ ಬಸ್ಸಿಳಿದು ಮನೆಗೆ ಬಂದವರು ಕಾಲು ತೊಳೆದು ಅದರ ಮುಂದೆಯೇ ಕೂರುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಸಿಟ್ಟಿಗೆದ್ದು, ಈ ಮರದ ಸವತಿಯನ್ನು ಒಂದು ದಿನ ಒಲೆಗೆ ಹಾಕುತ್ತೇನೆ ಅಂದಿದ್ದೆ. ಆ ಶುಕ್ರವಾರ ಅದನ್ನು ನೆನೆಸಿಕೊಂಡು ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ. ಆಸ್ಪತ್ರೆಯಿಂದ ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಮನೆಗೆ ಬಂದೆವು. ಬಾಗಿಲ ಬೀಗ ತೆಗೆಯುವಾಗ ಅವರು ಮೆಲ್ಲಗೆ ಅಂದರು:

"ಒಂದ್ ಸಲ ಟೇಪಿನಾಗ ಹಿಡಿದಿಡೋಣೇನು? ಆಮ್ಯಾಲ ಕೇಳಾಕರ ಆಗ್ತೈತಿ."

ಕುರುಗೋಡಿನಲ್ಲಿದ್ದ ನನ್ನ ಅಣ್ಣನ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಶನಿವಾರ ಮೊದಲ ಬಸ್ಸಿಗೆ ಹೋಗಿ, ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದೆ. ಭಾನುವಾರ ಬೆಳಿಗ್ಗೆ ನಡುಮನೆಯೇ ನಮ್ಮ ಸ್ಟುಡಿಯೋ. ಓಣಿಯ ಗದ್ದಲ ಒಳಗೆ ಬರಬಾರದೆಂದು ಕಿಟಕಿಗೆ ಕೌದಿ ಕಟ್ಟಿದೆ. ಫ್ಯಾನು ಆರಿಸಿದೆ. ಯಂತ್ರದ ಸದ್ದು ಯಂತ್ರವೇ ಹಿಡಿಯಬಾರದೆಂದು ಅದರ ಕೆಳಗೂ ಎರಡು ಕೌದಿ ಮಡಿಸಿ ಹಾಕಿದೆ. ಪಕ್ಕದ ಮನೆಯವರಿಗೆ ಕೈಮುಗಿದು, ಮಧ್ಯಾಹ್ನ ಕುಟ್ಟುವುದು ಬೀಸುವುದು ಬೇಡ ಎಂದು ಹೇಳಿಬಂದೆ. ಇಷ್ಟೆಲ್ಲ ಮಾಡಿ ಕರೆಂಟಿಗೆ ಸಿಕ್ಕಿಸಿ ಒಂದು ತಂತಿ ಮೀಟಿಸಿ ನೋಡಿದರೆ, ಹಿಂದಿನಿಂದ ಗುಂಯ್ ಎನ್ನುವ ಒಂದೇ ಸದ್ದು. ಪಿನ್ನು ತಿರುಗಿಸಿ ಹಾಕಿದೆ, ಅಡುಗೆಮನೆಯ ಪ್ಲಗ್ಗಿಗೆ ಹಾಕಿದೆ, ಜಪ್ಪಯ್ಯ ಅಂದರೂ ಹೋಗಲಿಲ್ಲ. ಇದು ಗಿಟಾರಲ್ಲ ಗಿರಣಿ ಎಂದು ಅವರು ಮುಖ ತಿರುಗಿಸಿದರು.

ಸೆಲ್ಲು ಹಾಕಿ ಹಿಡಿದರೆ ಗುಂಯ್ ಇರುವುದಿಲ್ಲ. ಆದರೆ ಆವತ್ತು ಬಜಾರು ಪೂರ್ತಿ ಬಂದ್. ನಮ್ಮ ಟಾರ್ಚಿನದು, ರೇಡಿಯೋದ್ದು, ಪಕ್ಕದ ಮನೆಯ ಟಾರ್ಚಿನದು ಸೇರಿಸಿದರೆ ಆರು ಸೆಲ್ಲಾದವು, ಎಲ್ಲವೂ ಮುದಿ. ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟು ಜೀವ ತರಿಸುವುದು ನಮ್ಮ ಮನೆಗಳಲ್ಲಿ ರೂಢಿ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡಿದ ಹಾಗೆ ಸಾಲಾಗಿ ಇಟ್ಟೆ. ಬಳ್ಳಾರಿಯ ಬಿಸಿಲು ನನ್ನ ಪಾಲಿಗೆ ಇದೊಂದು ಉಪಕಾರ ಮಾಡಲಿ ಎಂದು ಬೇಡಿಕೊಂಡೆ. ಹೊತ್ತು ನೆತ್ತಿಗೆ ಬಂದಾಗ ಮುಟ್ಟಿದರೆ ಕೈ ಸುಡುತ್ತಿದ್ದವು. ಹಾಕಿದೆ. ಕೆಂಪು ದೀಪ ಝಗ್ಗೆಂದು ಹೊತ್ತಿತು.

ಮೀಟುವ ಪ್ಲಾಸ್ಟಿಕ್ ಉಂಗುರ ಊದಿದ ಹೆಬ್ಬೆರಳಿಗೆ ಹೋಗಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಅಗಲಿಸಿ ನಾನೇ ತೊಡಿಸಿದೆ. ಅವರು ಹಲ್ಲು ಕಚ್ಚಿಕೊಂಡು ಭೂಪ್ ರಾಗ ಶುರುಮಾಡಿದರು. ಎಂಥಾ ನಿಧಾನ, ಎಂಥಾ ಹಿತ! ಹದಿನೆಂಟು ವರ್ಷ ಒಗ್ಗರಣೆಯ ಸದ್ದಿನ ನಡುವೆ ಕೇಳಿದ್ದನ್ನು ಆವತ್ತು ಮೊದಲ ಸಲ ಕೂತು ಕೇಳಿದೆ. ಹತ್ತು ನಿಮಿಷವಾಗಿರಬೇಕು, ಕೆಂಪು ದೀಪದ ಕಡೆ ಕಣ್ಣು ಹೋಯಿತು. ಮಬ್ಬಾಗುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅವರ ಹಣೆಯ ಮೇಲೆ ಬೆವರು, ಕೆನ್ನೆಯ ಮೇಲೆ ಕಣ್ಣೀರು. ನಿಲ್ಲಿಸಿದರೆ ಈ ಬೆರಳು ಮತ್ತೆ ಏಳುವುದಿಲ್ಲ ಅನ್ನಿಸಿ ಬಾಯಿ ಮುಚ್ಚಿಕೊಂಡೆ. ಮುಗಿದ ಮೇಲೆ, ಕೇಳುವುದಕ್ಕೆ ಕರೆಂಟು ಸಾಕೆಂದು ಸಿಕ್ಕಿಸಿ, ಶುರುವಿನ ನಾಲ್ಕು ಸ್ವರ ಮಾತ್ರ ಕೇಳಿದೆವು; ಉಳಿದದ್ದು ಆಮೇಲೆ ಎಂದರು. ಸರಿಯಾಗಿಯೇ ಇತ್ತು.

ಸೋಮವಾರ ಬೆರಳು ಹೋಯಿತು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹಚ್ಚೊಳ್ಳಿಯ ರೈತರಿಗೆ, ಬೆರಳು ಹೋದರೇನು, ನಾನು ನುಡಿಸಿದ್ದು ಮನೆಯಲ್ಲಿ ಟೇಪಿನೊಳಗೆ ಭದ್ರವಾಗಿದೆ, ಬಂದು ಕೇಳಿ ಎಂದು ಇವರು ದಿನಾ ಹೇಳುತ್ತಿದ್ದರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಿರುತ್ತಿದ್ದೆ.

ಮನೆಗೆ ಬಂದ ದಿನವೇ ಟೇಪು ಹಾಕು ಅಂದರು. ಮತ್ತೆ ಕರೆಂಟಿಗೇ ಸಿಕ್ಕಿಸಿದೆ. ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಆಮೇಲೆ ಸ್ವರಗಳು ಒಂದೊಂದೇ ಮೇಲೇರುತ್ತ ಓಡತೊಡಗಿದವು. ಸಾಯುತ್ತಿದ್ದ ಸೆಲ್ಲಿನ ಮೇಲೆ ಟೇಪು ನಿಧಾನಕ್ಕೆ ಸುತ್ತಿತ್ತು. ಈಗ ಅದೇ ಟೇಪು ಕರೆಂಟಿನ ಜೋರಿನಲ್ಲಿ ಸುತ್ತುತ್ತಿತ್ತು. ಕೊನೆಗೆ ಭೂಪ್ ಇಲ್ಲ, ಗಿಟಾರೂ ಇಲ್ಲ, ಕಿವಿಯ ಹತ್ತಿರ ಸೊಳ್ಳೆಯ ಗುಂಗು. ನಾನು ಸದ್ದು ತಗ್ಗಿಸಿ ಅಂದೆ:

"ದೀಪ ಮಬ್ಬಾಗಿದ್ದು ಆವತ್ತ ನೋಡಿದ್ನಿರಿ. ಹೇಳಲಿಲ್ಲ."

"ನಾನೂ ನೋಡಿದ್ನಿ," ಅಂದರು. "ನಿಲ್ಲಿಸಿದ್ರ ಮತ್ತ ಶುರು ಮಾಡಾಕ ಆಗ್ತಿರಲಿಲ್ಲ."

ಯಂತ್ರವನ್ನು ಹತ್ತಿರ ಎಳೆದುಕೊಂಡು ಮುಚ್ಚಳ ತೆಗೆದರು. ತಿರುಗುತ್ತಿದ್ದ ಚಕ್ರದ ಮೇಲೆ ಎಡಗೈಯ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಸೊಳ್ಳೆ ಇಳಿಯಿತು. ಕಣ್ಣು ಮುಚ್ಚಿ, ಸ್ವರ ಏರಿದಾಗ ಒತ್ತುತ್ತ, ಇಳಿದಾಗ ಸಡಿಲಿಸುತ್ತ, ಕಿವಿಯ ಅಂದಾಜಿನಲ್ಲೇ ಗಂಧಾರವನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿದರು. ಅರ್ಧ ನಿಮಿಷ ಭೂಪ್ ನೆಟ್ಟಗೆ ನಡೆಯಿತು. ಟೇಪು ಜಗ್ಗುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಇರೋದೊಂದೇ, ಹರಿದುಹೋಗುತ್ತದೆ, ಬಿಡಿ ಎಂದು ಅವರ ಕೈ ಹಿಡಿದೆ.

"ಹರೀಲಿ ಬಿಡು," ಅಂದರು. "ಈಗ ನಾನ ಬಾರಸಾಕತ್ತೀನಿ."

ಕೈ ಬಿಟ್ಟೆ. ಟೇಪು ಹನ್ನೊಂದು ದಿನ ತಾಳಿತು.